ಮಲೆನಾಡಿನಲ್ಲಿ ಮತಯಾಚನೆ



ಚುನಾವಣೆ ಬಂದಾಗಲೆಲ್ಲ ಮತಯಾಚನೆ ಎಂಬ ಮಾತು ನಮ್ಮ ಕಿವಿಗೆ ಬೀಳುತ್ತದೆ. ಆದರೆ ಆ ಮಾತಿನೊಳಗಿರುವ ‘ಯಾಚನೆ’ಯನ್ನು ಗಮನಿಸುವವರು ವಿರಳ. ಯಾಚನೆಯೆಂದರೆ ಬೇಡುವುದು. ಬೇಡುವವನು ಎಷ್ಟೇ ದೊಡ್ಡವನಾಗಿರಲಿ, ಕೊಡುವವನ ಬಾಗಿಲಿಗೆ ತಾನೇ ಬರಬೇಕು. ಮೂರು ಲೋಕಗಳನ್ನು ಅಳೆಯಬಲ್ಲ ದೇವನೂ ಬಲಿ ಚಕ್ರವರ್ತಿಯ ಯಾಗಶಾಲೆಗೆ ವಾಮನನಾಗಿಯೇ ಬರಬೇಕಾಯಿತೆಂದು ಪುರಾಣವು ಹೇಳುತ್ತದೆ. ದಾನಜಲವು ಕೈಗೆ ಬಿದ್ದ ಕೂಡಲೇ ಅವನು ತ್ರಿವಿಕ್ರಮನಾಗಿ ಬೆಳೆದನೆಂಬುದನ್ನೂ ಅದೇ ಪುರಾಣವು ಹೇಳುತ್ತದೆ. ಚುನಾವಣೆಯ ಪ್ರಚಾರವನ್ನು ಅರಿಯಬಯಸುವವರು ಈ ಎರಡು ಮಾತುಗಳನ್ನೂ ಒಟ್ಟಿಗೆ ನೆನಪಿನಲ್ಲಿಡಬೇಕು.

ರಾಜಕೀಯ ಪಕ್ಷಗಳು ಮತ ಕೇಳುವ ಬಗೆಯನ್ನು ಇಡೀ ದೇಶಕ್ಕೆ ಅನ್ವಯಿಸಿ ಹೇಳುವುದಕ್ಕಿಂತ ಒಂದು ಸೀಮೆಯನ್ನು ಹಿಡಿದು ನೋಡುವುದು ಲೇಸು. ಅದಕ್ಕಾಗಿ ನಾನು ಮೂಡಿಗೆರೆ, ಕಳಸಗಳ ಕಾಫಿಯ ಬೆಟ್ಟಗಳನ್ನು ಆರಿಸಿಕೊಂಡಿದ್ದೇನೆ. ಈ ಸೀಮೆಯಲ್ಲಿ ಜಾವಳಿಯೆಂಬ ಊರಿದೆ. ಹೇಮಾವತಿ ನದಿಯು ಹುಟ್ಟುವುದು ಅದರ ಬಳಿಯಲ್ಲಿಯೇ. ಮೇಲೆ ಬಲ್ಲಾಳರಾಯನದುರ್ಗ; ಒಂದು ದಿಕ್ಕಿಗೆ ಕೊಟ್ಟಿಗೆಹಾರ, ಬಣಕಲ್ಲು; ಇನ್ನೊಂದು ದಿಕ್ಕಿಗೆ ಭದ್ರೆಯ ದಂಡೆಯ ಕಳಸ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒತ್ತೊತ್ತಾಗಿ ನಿಂತಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡವೋ ಒಂದು ಹಳ್ಳವೋ ಇರುತ್ತದೆ. ಅಲ್ಲಿ ತಮಟೆ ಹೊಡೆದರೆ ಊರೆಲ್ಲ ಚಾವಡಿಗೆ ನೆರೆಯುತ್ತದೆ; ಇಲ್ಲಿ ತಮಟೆಯ ದನಿ ಕಾಡಿನೊಳಗೆ ಅಡಗಿಹೋಗುತ್ತದೆ. ಆದುದರಿಂದ ಮಲೆನಾಡಿನಲ್ಲಿ ಮತ ಕೇಳುವವನಿಗೆ ಎರಡೇ ದಾರಿಗಳಿದ್ದುವು. ಗುಡ್ಡ ಹತ್ತಿಳಿದು ಮನೆಮನೆಗೆ ಹೋಗುವುದು ಒಂದು. ಹತ್ತು ಮನೆಗಳ ಪರವಾಗಿ ಮಾತನಾಡಬಲ್ಲ ಒಬ್ಬ ದೊಡ್ಡವನನ್ನು ಒಲಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಸುಲಭ, ಮೊದಲನೆಯದು ನ್ಯಾಯ. ಈ ಸೀಮೆಯ ಮತಯಾಚನೆಯ ಚರಿತ್ರೆಯೆಲ್ಲ ಸುಲಭವಾದುದರಿಂದ ನ್ಯಾಯವಾದುದರ ಕಡೆಗೆ ಮೆಲ್ಲಮೆಲ್ಲನೆ ಸಾಗಿದ ಪಯಣವೆಂದು ಹೇಳಬಹುದು.

ಮೊದಲು ಸಂಸ್ಥಾನದ ಕಾಲವನ್ನು ನೋಡೋಣ. ೧೮೮೧ನೆಯ ಮಾರ್ಚಿ ತಿಂಗಳಲ್ಲಿ ಮೈಸೂರಿನ ರಾಜ್ಯಭಾರವು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ದಸರೆಯ ಸಮಯಕ್ಕೆ ಹೊಂದಿಸಿ, ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅದರಲ್ಲಿ ೧೪೪ ಸದಸ್ಯರಿದ್ದರು. ಅವರು ತಾಲ್ಲೂಕುಗಳ ಮುಖ್ಯ ರೈತರು ಮತ್ತು ವರ್ತಕರು. ಅವರನ್ನು ಯಾರೂ ಚುನಾಯಿಸಿರಲಿಲ್ಲ. ಸರ್ಕಾರದ ಕಾರ್ಯಗಳನ್ನು ಅವರಿಗೆ ವಿವರಿಸುವುದು, ಅವರ ಅಹವಾಲುಗಳನ್ನು ಕೇಳಿಕೊಳ್ಳುವುದು ಸಭೆಯ ಉದ್ದೇಶ. ಭಾರತದ ಸಂಸ್ಥಾನಗಳಲ್ಲಿ ಇದು ದೊಡ್ಡ ಹೆಜ್ಜೆಯೆಂಬುದು ನಿರ್ವಿವಾದ. ಆದರೆ ಆಗ ಬೇಡುವವರು ಯಾರು, ಕೊಡುವವರು ಯಾರು ಎಂಬುದನ್ನು ಗಮನಿಸಿರಿ. ಪ್ರಜೆಯ ಪ್ರತಿನಿಧಿಯು ರಸ್ತೆಯನ್ನೋ ಸೇತುವೆಯನ್ನೋ ಕಂದಾಯದ ವಿನಾಯಿತಿಯನ್ನೋ ಬೇಡುತ್ತಿದ್ದನು. ದಿವಾನರು ಉತ್ತರ ಕೊಡುತ್ತಿದ್ದರು. ಅಹವಾಲು ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು. ಆಳುವವನು ಆಳಿಸಿಕೊಳ್ಳುವವನ ಮುಂದೆ ಅಹವಾಲು ಇಡುವ ದಿನ ಇನ್ನೂ ಬಂದಿರಲಿಲ್ಲ.

೧೮೯೧ರ ಹೊತ್ತಿಗೆ, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ, ಸದಸ್ಯರನ್ನು ಚುನಾಯಿಸುವ ಕ್ರಮ ಬಂದಿತು. ಆದರೆ ಮತದ ಹಕ್ಕು ದೊರೆತದ್ದು ಗೊತ್ತಾದ ಮೊತ್ತದ ಕಂದಾಯ ಕಟ್ಟುವವರಿಗೆ, ಪದವೀಧರರಿಗೆ, ಇಂಥ ಕೆಲವರಿಗೆ ಮಾತ್ರ. ಕಾಫಿಯ ತೋಟದಲ್ಲಿ ಹಣ್ಣು ಬಿಡಿಸುವ ಹೆಂಗಸಿಗೂ ಗದ್ದೆಯನ್ನು ಗೇಣಿಗೆ ಮಾಡುವ ಒಕ್ಕಲಿಗೂ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ಮತದಾರರು ಕೆಲವರೇ ಆದಾಗ ಪ್ರಚಾರವೆಂಬುದಕ್ಕೆ ಅವಕಾಶವೂ ಕಡಮೆ. ಉಮೇದುವಾರನು ಮತದಾರನ ಮನೆಗೆ ಹೋಗಿ ಎಲೆಯಡಿಕೆ ಹಾಕಿಕೊಂಡು, ನೆಂಟಸ್ತಿಕೆಯನ್ನೋ ಹಳೆಯ ಉಪಕಾರವನ್ನೋ ನೆನಪಿಗೆ ತಂದರೆ ಕೆಲಸವಾಗುತ್ತಿತ್ತು. ಅಲ್ಲಿ ನಡೆಯುತ್ತಿದ್ದುದು ದಾಕ್ಷಿಣ್ಯ, ಅಭಿಪ್ರಾಯದ ಚರ್ಚೆಯಲ್ಲ.

ಪಕ್ಷಗಳು ಬಂದದ್ದು ಅನಂತರ. ೧೯೧೭ರಲ್ಲಿ ಪ್ರಜಾಮಿತ್ರ ಮಂಡಲಿಯು ಹುಟ್ಟಿ, ಬ್ರಾಹ್ಮಣೇತರರಿಗೆ ಉದ್ಯೋಗ, ವಿದ್ಯೆ, ಪ್ರಾತಿನಿಧ್ಯಗಳಲ್ಲಿ ಪಾಲು ಬೇಕೆಂದು ಕೇಳಿತು. ೧೯೨೩ರ ಸುಧಾರಣೆಗಳಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ನೆಲೆ ದೊರೆತು ಮತದಾರರ ಸಂಖ್ಯೆಯೂ ಬೆಳೆಯಿತು. ೧೯೩೭ರಲ್ಲಿ ಪ್ರಜಾಸಂಯುಕ್ತ ಪಕ್ಷವು ಕಾಂಗ್ರೆಸ್ಸಿನೊಡನೆ ಕೂಡಿಕೊಂಡಿತು. ಮರುವರ್ಷ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಈ ಘಟನೆಗಳಿಂದ ರಾಜಕೀಯದ ಮಾತು ಪಟ್ಟಣದ ಸಭಾಂಗಣವನ್ನು ಬಿಟ್ಟು ಹಳ್ಳಿಯ ಜಾತ್ರೆಗೂ ಸಂತೆಗೂ ಇಳಿಯಿತು. ಕರಪತ್ರ, ಪ್ರಭಾತಫೇರಿ, ಧ್ವಜವಂದನೆಗಳನ್ನು ಜನ ಕಂಡರು. ಚುನಾವಣೆಯ ಪ್ರಚಾರಕ್ಕೆ ಮುಂದೆ ಬೇಕಾದ ಸಾಮಗ್ರಿಯೆಲ್ಲ ಆ ಚಳವಳಿಯಲ್ಲಿಯೇ ಸಿದ್ಧವಾಯಿತೆಂದರೆ ತಪ್ಪಲ್ಲ. ೧೯೪೭ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದು, ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರವು ಸ್ಥಾಪಿತವಾಯಿತು.

೧೯೫೧-೫೨ರ ಮೊದಲನೆಯ ಮಹಾಚುನಾವಣೆಯಲ್ಲಿ ಎಲ್ಲವೂ ಬುಡಮೇಲಾಯಿತು. ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬ ಗಂಡಸಿಗೂ ಹೆಂಗಸಿಗೂ ಮತ ಬಂದಿತು. ಕಂದಾಯದ ರಸೀತಿಯನ್ನಾಗಲಿ ಓದುಬರಹವನ್ನಾಗಲಿ ಯಾರೂ ಕೇಳಲಿಲ್ಲ. ಓದು ಬಾರದ ಕೋಟ್ಯಂತರ ಜನರು ಉಮೇದುವಾರನನ್ನು ಗುರುತಿಸುವುದು ಹೇಗೆ? ಅದಕ್ಕಾಗಿ ಸುಕುಮಾರ ಸೇನರ ಚುನಾವಣಾ ಆಯೋಗವು ಚಿಹ್ನೆಗಳನ್ನು ಗೊತ್ತುಮಾಡಿತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡಿ ಎತ್ತು, ಸಮಾಜವಾದಿಗಳಿಗೆ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ. ಆಗ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆಯನ್ನು ಅಂಟಿಸಿರುತ್ತಿತ್ತು; ಮತದಾರನು ತನ್ನ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಿ ಬರಬೇಕು. ಆದುದರಿಂದ ಆ ಕಾಲದ ಪ್ರಚಾರವು ಅರ್ಧಕ್ಕರ್ಧ ಪಾಠಶಾಲೆಯ ಕೆಲಸವೇ ಆಗಿತ್ತು. ನಮ್ಮ ಪಕ್ಷಕ್ಕೆ ಮತ ಕೊಡಿರೆಂದು ಕೇಳುವುದಕ್ಕೆ ಮುಂಚೆ ಮತ ಕೊಡುವುದು ಹೇಗೆಂಬುದನ್ನು ಕಲಿಸಬೇಕಾಗಿತ್ತು. ಮೈಸೂರು ವಿಧಾನಸಭೆಯ ೯೯ ಸ್ಥಾನಗಳಲ್ಲಿ ೭೪ ಕಾಂಗ್ರೆಸ್ಸಿಗೆ ದೊರೆತುವು. ಸ್ವಾತಂತ್ರ್ಯದ ಹೋರಾಟವೇ ಅದರ ದೊಡ್ಡ ಪ್ರಚಾರವಾಗಿತ್ತು.

ಎಲ್ಲರಿಗೂ ಮತ ಬಂದಿತೆಂದ ಮಾತ್ರಕ್ಕೆ ಎಲ್ಲರನ್ನೂ ಕೇಳುವ ಪದ್ಧತಿ ಬಂದಿತೆ? ಬರಲಿಲ್ಲ. ಕಾಫಿಯ ತೋಟದ ವ್ಯವಸ್ಥೆಯನ್ನು ಸ್ವಲ್ಪ ನೋಡಿದರೆ ಇದರ ಕಾರಣ ತಿಳಿಯುತ್ತದೆ. ತೋಟದಲ್ಲಿ ಧಣಿ, ಅವನ ಕೆಳಗೆ ಲೆಕ್ಕ ಬರೆಯುವ ರೈಟರು, ಅವನ ಕೆಳಗೆ ಆಳುಗಳನ್ನು ಕರೆತರುವ ಮೇಸ್ತ್ರಿ, ಕೊನೆಯಲ್ಲಿ ಲೈನಿನ ಮನೆಗಳಲ್ಲಿ ವಾಸಿಸುವ ಆಳುಗಳು. ಆಳುಗಳಲ್ಲಿ ಘಟ್ಟದ ಕೆಳಗಿನಿಂದ ಬಂದ ತುಳುವರಿದ್ದರು, ತಮಿಳರಿದ್ದರು, ಬಯಲುಸೀಮೆಯವರಿದ್ದರು. ಮುಂಗಡದ ಹಣವನ್ನು ಪಡೆದು ಬಂದವರು ಆ ಸಾಲ ತೀರುವ ತನಕ ತೋಟವನ್ನು ಬಿಡುವಂತಿರಲಿಲ್ಲ. ಮನೆ ಧಣಿಯದು, ಸೌದೆ ಧಣಿಯದು, ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಹೋಗುವ ಲಾರಿಯೂ ಧಣಿಯದೇ. ಹೀಗಿರುವಾಗ ಪಕ್ಷದವರು ಲೈನಿನ ಮನೆಗೆ ಹೋಗಿ ಕಾಲು ನೋಯಿಸಿಕೊಳ್ಳುವುದೇಕೆ? ಧಣಿಯ ಬಂಗಲೆಯ ಜಗಲಿಯಲ್ಲಿ ಒಂದು ಲೋಟ ಕಾಫಿ ಕುಡಿದರೆ ತೋಟದ ಮತವೆಲ್ಲ ಬಂದಂತೆಯೇ ಎಂದು ಅವರು ಎಣಿಸುತ್ತಿದ್ದರು. ಮತದಾನದ ದಿನ ತೋಟದ ಲಾರಿಯಲ್ಲಿಯೇ ಆಳುಗಳು ಮತಗಟ್ಟೆಗೆ ಬರುತ್ತಿದ್ದರು. ಹಳ್ಳಿಗಳಲ್ಲಿ ಇದೇ ಸ್ಥಾನ ಪಟೇಲನಿಗೂ ಶಾನುಭೋಗನಿಗೂ ಇತ್ತು. ವಂಶಪಾರಂಪರ್ಯವಾದ ಆ ಗ್ರಾಮಾಧಿಕಾರವು ೧೯೬೧ರ ಕಾನೂನಿನಿಂದ ರದ್ದಾಯಿತಾದರೂ ಅದರ ನೆರಳು ಬಹುಕಾಲ ಉಳಿಯಿತು.

ಆದರೂ ಧಣಿಯು ಹೋಗಲಾರದ ಒಂದು ಸ್ಥಳವಿತ್ತು. ಅದು ಮತಗಟ್ಟೆಯ ಮರೆ. ಆ ತಟ್ಟಿಯ ಹಿಂದೆ ಆಳು ಒಬ್ಬನೇ; ಅವನ ಚೀಟಿ ಯಾವ ಪೆಟ್ಟಿಗೆಗೆ ಬಿತ್ತೆಂದು ಹೊರಗೆ ನಿಂತವರಿಗೆ ತಿಳಿಯದು. ಗೋಪ್ಯ ಮತದಾನವೆಂಬ ಈ ಸಣ್ಣ ಏರ್ಪಾಡು ದೊಡ್ಡ ದೊಡ್ಡ ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡಿತು. ಅದನ್ನು ಮುರಿಯಲು ಪ್ರಚಾರಕರು ಹೂಡಿದ ಉಪಾಯಗಳಲ್ಲಿ ಆಣೆ ಪ್ರಮಾಣವೂ ಒಂದು. ಮಲೆನಾಡಿನವರು ದೇವರ ಆಣೆಗೆ, ಅದರಲ್ಲಿಯೂ ಧರ್ಮಸ್ಥಳದ ಮಂಜುನಾಥನ ಆಣೆಗೆ ಬಹಳ ಅಂಜುವವರು. ಮತದಾರನಿಂದ ಮೊದಲೇ ಆಣೆ ಹಾಕಿಸಿಕೊಂಡರೆ ತಟ್ಟಿಯ ಹಿಂದೆಯೂ ಅವನ ಕೈ ಕಟ್ಟಿದಂತೆಯೇ ಆಗುತ್ತದೆ. ೧೯೫೧ರ ಪ್ರಜಾಪ್ರಾತಿನಿಧ್ಯ ಕಾನೂನು ಇದನ್ನು ಅರಿತೇ ಬರೆದಂತಿದೆ. ಇಂಥವರಿಗೆ ಮತ ಕೊಡದಿದ್ದರೆ ದೈವದ ಕೋಪಕ್ಕೆ ಗುರಿಯಾಗುವೆಯೆಂದು ಮತದಾರನನ್ನು ನಂಬಿಸುವುದನ್ನು ಅದು ಅನುಚಿತ ಪ್ರಭಾವವೆಂದು ಕರೆಯಿತು. ಹಣ ಹೆಂಡಗಳ ಲಂಚದೊಡನೆ, ಮತದಾರರನ್ನು ಪುಕ್ಕಟೆಯಾಗಿ ವಾಹನದಲ್ಲಿ ಸಾಗಿಸುವುದೂ ಭ್ರಷ್ಟಾಚಾರವೆಂದು ಅದೇ ಕಾನೂನಿನಲ್ಲಿ ಎಣಿಕೆಯಾಗಿದೆ.

ದೊಡ್ಡವರನ್ನು ಬಿಟ್ಟು ನೇರವಾಗಿ ಸಣ್ಣವರನ್ನೇ ಕೇಳಿ ಗೆಲ್ಲಬಹುದೆಂಬುದನ್ನು ಮಲೆನಾಡಿಗೆ ಮೊದಲು ತೋರಿಸಿಕೊಟ್ಟದ್ದು ನೆರೆಯ ಶಿವಮೊಗ್ಗ ಜಿಲ್ಲೆ. ಅಲ್ಲಿಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಅದರಲ್ಲಿ ದುಡಿದ ಶಾಂತವೇರಿ ಗೋಪಾಲಗೌಡರು ಮರುವರ್ಷ ಸಮಾಜವಾದಿ ಪಕ್ಷದಿಂದ ವಿಧಾನಸಭೆಗೆ ಆರಿಸಿ ಬಂದರು. ಅವರ ಬಳಿ ಹಣವಿರಲಿಲ್ಲ. ‘ಒಂದು ವೋಟು, ಒಂದು ನೋಟು’ ಎಂಬ ಮಾತು ಅವರ ಚುನಾವಣೆಗಳೊಡನೆ ಸೇರಿಹೋಗಿದೆ. ಮತಕ್ಕೆ ನೋಟು ಕೊಡುವುದಲ್ಲ, ಮತದೊಡನೆ ನೋಟನ್ನೂ ಕೇಳುವುದು! ಇದರ ಅರ್ಥವು ಆಳವಾದುದು. ತನ್ನ ಗಂಟಿನಿಂದ ಒಂದು ರೂಪಾಯಿಯನ್ನು ಕೊಟ್ಟ ಮತದಾರನು ಆ ಚುನಾವಣೆಯನ್ನು ತನ್ನದೆಂದು ತಿಳಿಯುತ್ತಾನೆ. ರೂಪಾಯಿಯನ್ನು ಪಡೆದವನು ಅದನ್ನು ಮುಗಿದ ವ್ಯಾಪಾರವೆಂದು ಮರೆತುಬಿಡುತ್ತಾನೆ.

ಇನ್ನು ೧೯೭೮ಕ್ಕೆ ಬರೋಣ. ಚಿಕ್ಕಮಗಳೂರಿನ ಹೆಸರು ಲೋಕಕ್ಕೆಲ್ಲ ತಿಳಿದದ್ದು ಆ ವರ್ಷದ ಉಪಚುನಾವಣೆಯಿಂದ. ೧೯೭೫ರಿಂದ ೧೯೭೭ರ ವರೆಗೆ ದೇಶದಲ್ಲಿ ತುರ್ತುಪರಿಸ್ಥಿತಿಯಿತ್ತು. ೧೯೭೭ರ ಮಾರ್ಚಿಯಲ್ಲಿ ನಡೆದ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ ಸೋತರು. ಉತ್ತರದಲ್ಲಿ ಅವರ ಪಕ್ಷವು ನೆಲಕಚ್ಚಿತು. ಆದರೆ ಅದೇ ಚುನಾವಣೆಯಲ್ಲಿ ಕರ್ನಾಟಕದ ೨೮ ಲೋಕಸಭಾ ಸ್ಥಾನಗಳಲ್ಲಿ ೨೬ ಕಾಂಗ್ರೆಸ್ಸಿಗೆ ಬಂದುವು. ೧೯೭೮ರ ಆರಂಭದಲ್ಲಿ ಪಕ್ಷ ಒಡೆಯಿತು. ಇಂದಿರಾ ಕಾಂಗ್ರೆಸ್ಸು ಕೈಯ ಚಿಹ್ನೆಯನ್ನು ಹಿಡಿದು ಕರ್ನಾಟಕ ವಿಧಾನಸಭೆಯನ್ನು ಗೆದ್ದಿತು. ದೇವರಾಜ ಅರಸರು ಮತ್ತೆ ಮುಖ್ಯಮಂತ್ರಿಗಳಾದರು. ಪರಿಶಿಷ್ಟ ಜಾತಿಗೆ ಮೀಸಲಾದ ಮೂಡಿಗೆರೆಯಿಂದ ಮೋಟಮ್ಮನವರು ವಿಧಾನಸಭೆಗೆ ಹೋದದ್ದು ಆ ಚುನಾವಣೆಯಲ್ಲಿಯೇ. ಇಂದಿರಾ ಗಾಂಧಿಯವರು ಲೋಕಸಭೆಗೆ ಮರಳಲು ಒಂದು ಸ್ಥಾನ ಬೇಕಾಯಿತು. ಚಿಕ್ಕಮಗಳೂರಿನ ಸದಸ್ಯರಾಗಿದ್ದ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ದಾರಿ ಮಾಡಿಕೊಟ್ಟರು. ಅವರು ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರು. ಈ ಬೆಟ್ಟಗಳ ಮಗನೇ. ಎದುರಾಳಿಯಾಗಿ ಜನತಾ ಪಕ್ಷವು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ನಿಲ್ಲಿಸಿತು. ಅವರು ದೂರದ ಗುಲ್ಬರ್ಗಾ ಜಿಲ್ಲೆಯ ಚಿಂಚೋಳಿಯವರು. ಹೀಗೆ ಬೆಟ್ಟದವನು ಬಿಟ್ಟ ಸ್ಥಾನಕ್ಕೆ ಬೆಟ್ಟದವರಲ್ಲದ ಇಬ್ಬರು ಹೋರಾಡಿದರು.

ಈ ಹೋರಾಟದಲ್ಲಿ ಎರಡು ಪಕ್ಷಗಳೂ ಎರಡು ಬೇರೆ ಬೇರೆ ಮಾತುಗಳನ್ನು ಆಡಿದುವು. ಜನತಾ ಪಕ್ಷದ ಮಾತು ಸ್ವಾತಂತ್ರ್ಯದ ಮಾತು. ಅವರ ಪ್ರಚಾರದ ಮುಂದಾಳು, ಆಗ ಕೇಂದ್ರ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸರು. ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಸೆರೆಗೆ ಹೋದವರನ್ನೂ ಬಾಯಿ ಕಟ್ಟಿಸಿಕೊಂಡ ಪತ್ರಿಕೆಗಳನ್ನೂ ಮರೆಯಬೇಡಿರೆಂಬುದು ಅವರ ಪಕ್ಷದ ವಾದ. ಅದು ಹುರುಳಿಲ್ಲದ ವಾದವಲ್ಲ. ಶೃಂಗೇರಿಯ ಬಳಿಯ ಹಳ್ಳಿಯಲ್ಲಿ ಚಿತ್ರಿತವಾದ ‘ಸಂಸ್ಕಾರ’ ಚಲನಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರು ೧೯೭೬ರಲ್ಲಿ ಬೆಂಗಳೂರಿನ ಸೆರೆಮನೆ ಸೇರಿ, ಉಬ್ಬಸದಿಂದ ಬಳಲಿ, ೧೯೭೭ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು.

ಕಾಂಗ್ರೆಸ್ಸಿನ ಮಾತು ನೆಲೆಯ ಮಾತು, ಸಾಲದ ಮಾತು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾಗುತ್ತಿದ್ದರು. ೧೯೭೬ರಲ್ಲಿ ಜೀತವನ್ನು ರದ್ದುಪಡಿಸುವ ಕೇಂದ್ರದ ಕಾನೂನೂ ಬಡವರ ಸಾಲವನ್ನು ಪರಿಹರಿಸುವ ರಾಜ್ಯದ ಕಾನೂನೂ ಬಂದಿದ್ದುವು. ಮನೆಯಿಲ್ಲದವರಿಗೆ ನಿವೇಶನ ಕೊಡುವ ಯೋಜನೆಯಿತ್ತು. ಆದರೆ ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಭೂಸುಧಾರಣೆಯ ಕಾನೂನು ಕಾಫಿಯ ತೋಟಗಳನ್ನು ತನ್ನ ಮುಖ್ಯ ಕಟ್ಟಳೆಗಳಿಂದ ಹೊರಗಿಟ್ಟಿತ್ತು. ಗದ್ದೆಯ ಒಕ್ಕಲಿಗೆ ಅದು ಭೂಮಿ ಕೊಟ್ಟಿತು. ಲೈನಿನ ಮನೆಯ ಆಳಿಗೆ ಭೂಮಿ ಕೊಡಲಿಲ್ಲ. ಆದರೂ ಸಾಲ, ಮನೆ, ಕೂಲಿ ಎಂಬ ಮಾತುಗಳು ಲೈನಿಗೆ ಅರ್ಥವಾಗುವ ಮಾತುಗಳು. ಸ್ವಾತಂತ್ರ್ಯವು ಕಳೆದುಹೋಯಿತೆಂದು ಹೇಳಿದರೆ, ಅದನ್ನು ಎಂದೂ ಕಂಡಿರದವನಿಗೆ ಆ ನಷ್ಟ ಹೇಗೆ ತಿಳಿಯಬೇಕು? ಎರಡು ಪಕ್ಷಗಳೂ ಸತ್ಯದ ಒಂದೊಂದು ಪಾಲನ್ನೇ ಹಿಡಿದಿದ್ದುವೆಂದು ಇಂದು ಹೇಳಬಹುದು. ಹೊಟ್ಟೆಯ ಮಾತನ್ನೂ ಹಕ್ಕಿನ ಮಾತನ್ನೂ ಒಂದೇ ಬಾಯಲ್ಲಿ ಆಡುವವರು ಅಂದು ಕಣದಲ್ಲಿರಲಿಲ್ಲ.

ಪ್ರಚಾರದ ಭಾಷೆಯನ್ನೂ ಕೊಂಚ ನೋಡೋಣ. ಇಂದಿರಾ ಗಾಂಧಿಯವರ ಪರವಾಗಿ ಹಿಂದಿಯಲ್ಲಿ ಒಂದು ಘೋಷಣೆ ಹುಟ್ಟಿತು. ಒಂದು ಕಡೆ ಒಂದು ಸಿಂಹಿಣಿ, ಇನ್ನೊಂದು ಕಡೆ ನೂರು ಮುಸುವಗಳು, ನಡೆಯಿರಿ ಚಿಕ್ಕಮಗಳೂರಿಗೆ ಎಂಬುದು ಅದರ ಭಾವ. ಪ್ರಾಸಕ್ಕೆ ಊರಿನ ಹೆಸರೇ ಒದಗಿತು. ಆದರೆ ಕನ್ನಡ, ತುಳು, ತಮಿಳುಗಳನ್ನಾಡುವ ಈ ಬೆಟ್ಟದಲ್ಲಿ ಆ ಹಿಂದಿಯ ಪ್ರಾಸವನ್ನು ಸವಿದವರೆಷ್ಟು ಮಂದಿ? ಆ ಘೋಷಣೆಯು ಜಾವಳಿಯ ಕಿವಿಗಾಗಿ ಹುಟ್ಟಿದ್ದಲ್ಲ, ದಿಲ್ಲಿಯ ಕಿವಿಗಾಗಿ ಹುಟ್ಟಿದ್ದು. ಚುನಾವಣೆ ದೊಡ್ಡದಾದಂತೆಲ್ಲ ಪ್ರಚಾರಕ್ಕೆ ಎರಡು ಮುಖಗಳಾಗುತ್ತವೆ. ಒಂದು ಎದುರಿಗೆ ನಿಂತ ಮತದಾರನಿಗೆ, ಇನ್ನೊಂದು ದೂರದಲ್ಲಿ ಪತ್ರಿಕೆ ಓದುವವನಿಗೆ.

ಇತ್ತ ಜನತಾ ಪಕ್ಷದ ಕಡೆಯಿಂದ ಇಂದಿರಾ ಗಾಂಧಿಯವರನ್ನು ಹೆಡೆಯೆತ್ತಿದ ನಾಗರಕ್ಕೆ ಹೋಲಿಸುವ ಭಿತ್ತಿಪತ್ರಗಳು ಬಂದುವೆಂದು ಆ ಪ್ರಚಾರವನ್ನು ಕುರಿತು ಬರೆದವರು ಹೇಳುತ್ತಾರೆ. ದೂರದ ಊರಿನಲ್ಲಿ ಅದು ಭಯದ ಚಿತ್ರವಾಗಬಹುದಿತ್ತು. ಆದರೆ ಮಲೆನಾಡಿನಲ್ಲಿ, ತುಳುನಾಡಿನಲ್ಲಿ ನಾಗನು ಬನದಲ್ಲಿ ಪೂಜೆಗೊಳ್ಳುವ ದೇವರು. ತುಂಗೆಯ ದಂಡೆಯಲ್ಲಿ ಪ್ರಸವವೇದನೆಯ ಕಪ್ಪೆಗೆ ನಾಗರಹಾವು ಹೆಡೆಯ ನೆರಳು ಹಿಡಿದುದನ್ನು ಕಂಡು ಶಂಕರಾಚಾರ್ಯರು ಶೃಂಗೇರಿಯನ್ನು ಆರಿಸಿಕೊಂಡರೆಂಬ ಐತಿಹ್ಯವನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಇಂಥ ಜನರಿಗೆ ಹಾವಿನ ಚಿತ್ರವನ್ನು ತೋರಿಸಿ ಅಂಜಿರೆಂದರೆ ಅವರು ಕೈ ಮುಗಿದಾರು! ಮತ ಕೇಳುವವನು ಮೊದಲು ಆ ನೆಲದ ನಂಬಿಕೆಗಳನ್ನು ಅರಿತಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ಹನ್ನೊಂದು ವರ್ಷ ದೇಶದ ಪ್ರಧಾನಿಯಾಗಿದ್ದ ವ್ಯಕ್ತಿ ಕಾಫಿಯ ಬೆಟ್ಟಗಳ ನಡುವಿನ ರಸ್ತೆಗಳಲ್ಲಿ ಸಂಚರಿಸಿ, ತೋಟದ ಹೆಣ್ಣಾಳುಗಳ ಮುಂದೆ ನಿಂತು, ಅನುವಾದದ ಮೂಲಕ ಮತ ಕೇಳಬೇಕಾಯಿತು. ೧೮೮೧ರಲ್ಲಿ ಅಹವಾಲು ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತೆಂದು ಹೇಳಿದೆನಷ್ಟೆ. ೧೯೭೮ರಲ್ಲಿ ಅದು ಮೇಲಿನಿಂದ ಕೆಳಕ್ಕೆ ಇಳಿದು ಬಂದಿತು. ಬೇಡುವವರೂ ಕೊಡುವವರೂ ಸ್ಥಾನ ಬದಲಾಯಿಸಿದ್ದರು. ಇದನ್ನು ಸಾಧಿಸಲು ಒಂದು ಶತಮಾನ ಬೇಕಾಯಿತು. ನವೆಂಬರ್ ೫ರಂದು ಮತದಾನ ನಡೆಯಿತು. ಇಂದಿರಾ ಗಾಂಧಿಯವರು ೭೭,೩೩೩ ಮತಗಳ ಅಂತರದಿಂದ ಗೆದ್ದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಅದು ಮಂಗಳವಾಗುತ್ತಿತ್ತು. ಆದರೆ ಡಿಸೆಂಬರ್ ೧೯ರಂದು ಲೋಕಸಭೆಯು ಹಕ್ಕುಚ್ಯುತಿಯ ಕಾರಣದಿಂದ ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿ ಸೆರೆಗೆ ಕಳುಹಿಸಿತು. ಮತದಾನವಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಚಿಕ್ಕಮಗಳೂರಿನ ಮತದಾರರು ಕೊಟ್ಟ ತೀರ್ಪನ್ನು ದಿಲ್ಲಿಯ ಸಭೆಯೊಂದು ತೆಗೆದುಹಾಕಿತು. ೧೯೮೧ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆಯು ಆ ನಿರ್ಣಯವನ್ನೇ ರದ್ದುಮಾಡಿತಾದರೂ ಕಳೆದ ಕಾಲವು ಮರಳಲಿಲ್ಲ. ೧೯೮೦ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿಯೂ ಮೆದಕಿನಲ್ಲಿಯೂ ನಿಂತರು, ಚಿಕ್ಕಮಗಳೂರಿಗೆ ಬರಲಿಲ್ಲ. ಅದಕ್ಕೆ ಮುಂಚೆಯೇ, ೧೯೭೯ರಲ್ಲಿ, ದೇವರಾಜ ಅರಸರು ಅವರಿಂದ ಬೇರೆಯಾಗಿದ್ದರು. ಇತ್ತ ವೀರೇಂದ್ರ ಪಾಟೀಲರು ಅವರ ಪಕ್ಷವನ್ನೇ ಸೇರಿ, ಅವರ ಸಂಪುಟದಲ್ಲಿ ಸಚಿವರಾಗಿ, ೧೯೮೯ರಲ್ಲಿ ಮತ್ತೆ ಕರ್ನಾಟಕದ ಮುಖ್ಯಮಂತ್ರಿಗಳಾದರು. ಪ್ರಚಾರದ ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಎದುರಿಸಿದವರು ಮುಂದೆ ಒಂದೇ ಪಂಕ್ತಿಯಲ್ಲಿ ಕುಳಿತರು. ಅವರಿಗಾಗಿ ನೆರೆಹೊರೆಯವರೊಡನೆ ಮನಸ್ತಾಪ ಕಟ್ಟಿಕೊಂಡ ಹಳ್ಳಿಯವರು ಮಾತ್ರ ಇದ್ದಲ್ಲಿಯೇ ಇದ್ದರು. ವಾಮನನು ತ್ರಿವಿಕ್ರಮನಾದ ಮೇಲೆ ಬಲಿಯ ಯಾಗಶಾಲೆಯನ್ನು ಮತ್ತೆ ತಿರುಗಿ ನೋಡಿದನೆ?

ಇದರಿಂದ ಚುನಾವಣೆಯೇ ವ್ಯರ್ಥವೆಂದು ತಿಳಿಯಬಾರದು. ಅಂದು ಬಂದ ಒಂದು ಲಾಭ ಉಳಿಯಿತು. ಲೈನಿನ ಮನೆಯನ್ನು ಬಿಟ್ಟು ಬಂಗಲೆಯನ್ನು ಮಾತ್ರ ಕಂಡು ಹೋದರೆ ಗೆಲ್ಲಲಾಗದೆಂಬುದು ಪಕ್ಷಗಳಿಗೆ ಮನದಟ್ಟಾಯಿತು. ವಾರದ ಬಟವಾಡೆ ಪಡೆದು ಸಂತೆಗೆ ಇಳಿಯುವ ಆಳುಗಳನ್ನು ಅಲ್ಲಿಯೇ ಕಂಡು ಮಾತನಾಡಿಸುವುದು, ಹೆಂಗಸರ ಮುಂದೆ ಬೇರೆಯಾಗಿ ಮಾತನಾಡುವುದು, ಸೂರು ಕೂಲಿಗಳ ಪ್ರಶ್ನೆಗಳನ್ನು ಪ್ರಣಾಳಿಕೆಯಲ್ಲಿ ಬರೆಯುವುದು ಪ್ರಚಾರದ ಅಂಗಗಳಾದುವು. ಕಾನೂನೂ ಸ್ವಲ್ಪ ಸ್ವಲ್ಪವಾಗಿ ಬಿಗಿಯಾಯಿತು. ೧೯೬೦ರಲ್ಲಿ ಕೇರಳದಲ್ಲಿ ಮೊದಲಾದ ನಡತೆಯ ಸಂಹಿತೆಯು ದೇಶಕ್ಕೆಲ್ಲ ಹರಡಿತು. ಮತದಾನ ಮುಗಿಯುವುದಕ್ಕೆ ಮುಂಚಿನ ೪೮ ಗಂಟೆಗಳಲ್ಲಿ ಬಹಿರಂಗ ಪ್ರಚಾರವು ನಿಲ್ಲಬೇಕು. ಮತದಾರನು ಗದ್ದಲವಿಲ್ಲದೆ ಯೋಚಿಸಲೆಂದು ಈ ಬಿಡುವು. ೧೯೭೭ರಿಂದ ಪಕ್ಷಗಳ ಮಾತು ಆಕಾಶವಾಣಿಯಲ್ಲಿಯೂ ಕೇಳಿಸಿತು. ಗುಡ್ಡಗಳು ತಮಟೆಯ ದನಿಯನ್ನು ತಡೆದಾವು, ರೇಡಿಯೋವನ್ನು ತಡೆಯಲಾರವು. ಇಂದು ಕೈಯಲ್ಲಿ ಹಿಡಿಯುವ ದೂರವಾಣಿಯೇ ಪ್ರಚಾರದ ವೇದಿಕೆಯಾಗಿದೆ. ಅದು ಪ್ರತಿಯೊಬ್ಬನನ್ನೂ ಅವನ ಹೆಸರು ಹಿಡಿದು ಕರೆಯುತ್ತದೆ. ಆದರೆ ಅದರಲ್ಲಿ ಕೇಳುವವನು ಎದುರಿಗಿಲ್ಲ, ಅವನನ್ನು ತಿರುಗಿ ಪ್ರಶ್ನಿಸುವಂತೆಯೂ ಇಲ್ಲ. ಹತ್ತಿರ ಬಂದಂತೆ ಕಾಣುತ್ತ ದೂರ ಉಳಿಯುವ ಈ ಬಗೆಯ ಯಾಚನೆಯನ್ನು ನಾವು ಎಚ್ಚರದಿಂದ ನೋಡಬೇಕು.

ಇನ್ನೊಂದು ಸಂಗತಿಯನ್ನು ಹೇಳಿ ಈ ಭಾಷಣವನ್ನು ಮುಗಿಸುತ್ತೇನೆ. ಈಗ ಕಾಫಿಯ ತೋಟಗಳಲ್ಲಿ ಅಸ್ಸಾಮಿನಂಥ ದೂರದ ರಾಜ್ಯಗಳಿಂದ ಬಂದ ಕೂಲಿಗಾರರು ದುಡಿಯುತ್ತಾರೆ. ಲೈನಿನ ಮನೆಗಳಲ್ಲಿ ಹೊಸ ಭಾಷೆಗಳು ಕೇಳಿಸುತ್ತವೆ. ಇವರಲ್ಲಿ ಅನೇಕರ ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿಲ್ಲ. ಹೆಸರಿರುವ ಊರಿಗೆ ಹೋಗಿ ಮತ ಕೊಟ್ಟು ಬರಲು ಕೂಲಿಯೂ ಕಾಲವೂ ಬಿಡವು. ಪಟ್ಟಿಯಲ್ಲಿ ಹೆಸರಿಲ್ಲದವನ ಮನೆಗೆ ಯಾಚಕನು ಬಾರನು. ಅವನ ಸೂರು ಸೋರುವುದನ್ನು ಯಾವ ಪ್ರಣಾಳಿಕೆಯೂ ಕಾಣದು. ಕಂದಾಯ ಕಟ್ಟದವನಿಗೆ ಮತವಿಲ್ಲವೆಂದಿದ್ದ ಸಂಸ್ಥಾನದ ಕಾಲದಲ್ಲಿ ಹಣ್ಣು ಬಿಡಿಸುವ ಕೈ ಹೇಗಿತ್ತೋ, ಇಂದು ಈ ಕೈಗಳೂ ಹಾಗೆಯೇ ಇವೆ. ಅಂದು ಅದಕ್ಕೆ ಶಾಸನ ಕಾರಣವಾಗಿತ್ತು, ಇಂದು ದೂರ ಕಾರಣವಾಗಿದೆ. ಫಲ ಮಾತ್ರ ಒಂದೇ.

ಜಾವಳಿಯ ಬಳಿ ಹುಟ್ಟಿದ ಹೇಮಾವತಿಯು ಗೊರೂರಿನ ಅಣೆಕಟ್ಟಿನಲ್ಲಿ ನಿಂತು ಬೇರೆ ಸೀಮೆಯ ಗದ್ದೆಗಳನ್ನು ತೋಯಿಸುತ್ತದೆ. ಅದು ನದಿಯ ಧರ್ಮ. ಅದಕ್ಕಾಗಿ ಯಾರೂ ಬೇಸರಪಡಬೇಕಾಗಿಲ್ಲ. ಆದರೆ ಮತವು ನದಿಯಲ್ಲ. ಅದು ಹುಟ್ಟಿದ ಬೆಟ್ಟಕ್ಕೆ ತಿರುಗಿ ಬರಬೇಕು. ರಸ್ತೆಯಾಗಿ, ಶಾಲೆಯಾಗಿ, ಸೂರಾಗಿ, ನ್ಯಾಯವಾದ ಕೂಲಿಯಾಗಿ ಬರಬೇಕು. ಬಂದೀತೆ ಎಂಬುದು ಕೇಳುವವರನ್ನು ಮಾತ್ರ ಅವಲಂಬಿಸಿಲ್ಲ. ಬಾಗಿಲಿಗೆ ಬಂದ ಯಾಚಕನಿಗೆ ಏನು ಕೊಡುವೆಯೆಂದು ಕೇಳುವುದು ನಮಗೆಲ್ಲ ಅಭ್ಯಾಸವಾಗಿದೆ. ಹೋದ ಸಲ ಕೊಂಡುಹೋದುದಕ್ಕೆ ಲೆಕ್ಕವೇನೆಂದು ಕೇಳುವುದನ್ನು ನಾವು ಕಲಿತರೆ ಮತಯಾಚನೆಯ ಚರಿತ್ರೆಯಲ್ಲಿ ಮುಂದಿನ ಅಧ್ಯಾಯವು ಆರಂಭವಾದೀತು.